ಭಯದ ವ್ಯಾಕರಣ: ಭಯಾನಕ ಚಲನಚಿತ್ರಗಳ ಟ್ರೇಲರ್ ಮತ್ತು ಹದಿಹರೆಯದ ಪ್ರೇಕ್ಷಕ

ಸಾರಾಂಶ

ಭಯಾನಕ ಚಿತ್ರಗಳ ಟ್ರೇಲರ್ ಎರಡು ಮೂರು ನಿಮಿಷಗಳಲ್ಲಿ ಹದಿಹರೆಯದ ಪ್ರೇಕ್ಷಕರನ್ನು ಹೇಗೆ ಸೆಳೆಯುತ್ತದೆ ಎಂಬುದನ್ನು ಈ ಲೇಖನ ವಿವರಿಸುತ್ತದೆ. ಚೌಕಟ್ಟು, ಸಂಕಲನ ಮತ್ತು ಧ್ವನಿಗಳನ್ನು ಭಾಷಿಕ ಸಾಧನಗಳ ಜೊತೆಗಿಟ್ಟು ನೋಡಿದರೆ ಟ್ರೇಲರಿಗೂ ಒಂದು ವ್ಯಾಕರಣವಿದೆಯೆಂಬುದು ನಮ್ಮ ವಾದ. ಮೂಡಿಗೆರೆ ತಾಲ್ಲೂಕಿನ ದೇವರಮನೆಯ ಬೆಟ್ಟವನ್ನು ನಿದರ್ಶನವಾಗಿ ಇಟ್ಟುಕೊಂಡು, ಒಂದೇ ದೃಶ್ಯ ಭಕ್ತಿಗೂ ಭೀತಿಗೂ ಒದಗುವ ಬಗೆಯನ್ನು ಪರಿಶೀಲಿಸಿದ್ದೇವೆ.

ಕೀಲಿಪದಗಳು: ಟ್ರೇಲರ್, ಭಯಾನಕ ರಸ, ವರದಿಸೂಚಕ, ಸಂದರ್ಭಸೂಚಕ ಪದಗಳು, ಬಹುಮಾಧ್ಯಮ ಪಠ್ಯ

1. ಪ್ರಸ್ತಾವನೆ

ಭಯವನ್ನು ಹುಟ್ಟಿಸುವ ಸಾಮಗ್ರಿಯ ಪಟ್ಟಿ ನಮಗೆ ಹೊಸದಲ್ಲ. ಭರತನ ನಾಟ್ಯಶಾಸ್ತ್ರವು ಭಯಾನಕ ರಸದ ವಿಭಾವಗಳನ್ನು ಹೇಳುವಾಗ ವಿಕೃತವಾದ ಸದ್ದು, ಭೂತಗಳ ದರ್ಶನ, ನರಿ ಗೂಬೆಗಳ ಕೂಗು, ಪಾಳುಮನೆ, ಅರಣ್ಯಪ್ರವೇಶ ಇವುಗಳನ್ನು ಎಣಿಸುತ್ತದೆ. ಇಂದಿನ ಭಯಾನಕ ಟ್ರೇಲರನ್ನು ನೋಡಿದವರಿಗೆ ಈ ಪಟ್ಟಿ ಚಿತ್ರೀಕರಣದ ಯಾದಿಯಂತೆಯೇ ಕಂಡೀತು. ಹೊಸದಾಗಿರುವುದು ಸಾಮಗ್ರಿಯಲ್ಲ, ಅದರ ಜೋಡಣೆ. ರಸ ಪರಿಪಾಕಕ್ಕೆ ಬರುವವರೆಗೆ ನಾಟಕ ಕಾಯುತ್ತದೆ. ಟ್ರೇಲರಾದರೋ ಭಯವನ್ನು ಎಬ್ಬಿಸಿ, ಅದು ಶಮನಗೊಳ್ಳುವ ಮೊದಲೇ ತೆರೆಯನ್ನು ಕಪ್ಪಾಗಿಸುತ್ತದೆ. ಉಳಿದ ಭಾಗಕ್ಕೆ ಟಿಕೆಟು ಕೊಳ್ಳಬೇಕು.

ರೋಮನ್ ಯಾಕೊಬ್ಸನ್ 1960ರಲ್ಲಿ ವಿವರಿಸಿದ ಭಾಷೆಯ ಆರು ಕಾರ್ಯಗಳಲ್ಲಿ ಕೇಳುಗನನ್ನು ಕ್ರಿಯೆಗೆ ಪ್ರೇರಿಸುವುದೂ ಒಂದು. ವಿಧಿರೂಪ ಮತ್ತು ಸಂಬೋಧನೆಗಳು ಅದರ ಶುದ್ಧ ಉದಾಹರಣೆಗಳು. ಟ್ರೇಲರ್ ಮೇಲ್ನೋಟಕ್ಕೆ ಕಥನ, ಒಳಗೆ ವಿಧಿವಾಕ್ಯ. ಕತೆ ಹೇಳುವಂತೆ ನಟಿಸುತ್ತಲೇ ಅದು ‘ಬಾ’ ಎನ್ನುತ್ತದೆ.

2. ಚೌಕಟ್ಟು ಮತ್ತು ಸಂಕಲನ

ಭಯಾನಕ ಚೌಕಟ್ಟಿನ ಮೊದಲ ಲಕ್ಷಣ ಅಪೂರ್ಣತೆ. ಬಾಗಿಲು ಅರ್ಧ ತೆರೆದಿರುತ್ತದೆ; ಪಾತ್ರದ ಬೆನ್ನ ಹಿಂದೆ ಬೇಕಾದುದಕ್ಕಿಂತ ಹೆಚ್ಚು ಖಾಲಿ ಜಾಗವಿರುತ್ತದೆ. ವಾಕ್ಯದಲ್ಲಿ ಕರ್ತೃಪದ ಲೋಪವಾದಾಗ ಓದುಗನು ಅದನ್ನು ತುಂಬಿಕೊಳ್ಳುವಂತೆ, ಖಾಲಿ ಜಾಗವನ್ನು ನೋಡುಗನ ಕಣ್ಣು ತುಂಬಲು ಹವಣಿಸುತ್ತದೆ. ಪಾತ್ರವು ನೇರವಾಗಿ ಕ್ಯಾಮೆರಾದತ್ತ ನೋಡುವ ಚಿತ್ರಿಕೆಯೂ ಇಂತಹದೇ. ಗುಂಥರ್ ಕ್ರೆಸ್ ಮತ್ತು ಥಿಯೊ ವಾನ್ ಲೀವೆನ್ 1996ರ ತಮ್ಮ ಗ್ರಂಥದಲ್ಲಿ ಅಂತಹ ನೋಟವನ್ನು ‘ಬೇಡಿಕೆ’ ಎಂದು ಕರೆದರು. ಅದು ಮಧ್ಯಮಪುರುಷ ಸರ್ವನಾಮದಂತೆ ನೋಡುಗನನ್ನು ‘ನೀನು’ ಎಂದು ಗುರುತಿಸುತ್ತದೆ.

ಸಂಕಲನದಲ್ಲಿ ಸಾಮಾನ್ಯವಾಗಿ ಮೂರು ಘಟ್ಟಗಳಿರುತ್ತವೆ. ಮೊದಲು ನಿಧಾನವಾದ, ದೀರ್ಘವಾದ ಚಿತ್ರಿಕೆಗಳಲ್ಲಿ ನೆಮ್ಮದಿಯ ಬದುಕು; ಬಳಿಕ ಒಂದು ಅಪಶಕುನ; ಕೊನೆಗೆ ಕ್ಷಣಾರ್ಧದ ತುಣುಕುಗಳ ಸುರಿಮಳೆ. ಈ ಮೂರನೆಯ ಘಟ್ಟದಲ್ಲಿ ಚಿತ್ರಿಕೆಗಳ ನಡುವೆ ‘ಆದ್ದರಿಂದ’, ‘ಆದರೆ’ ಎಂಬಂತಹ ತಾರ್ಕಿಕ ಸಂಬಂಧಗಳು ಅಳಿದು ‘ಮತ್ತು’ ಮಾತ್ರ ಉಳಿಯುತ್ತದೆ. ಕಾರಣ ತಿಳಿಯದ ಕಾರ್ಯಗಳ ಸರಣಿಯೇ ಕುತೂಹಲದ ಮೂಲ. ಚಿತ್ರದ ಹೆಸರು ಬಹುಮಟ್ಟಿಗೆ ಇದಾದ ನಂತರವೇ ಬರುತ್ತದೆ. ಅದಾದ ಮೇಲೂ ಒಂದು ಬೆಚ್ಚಿಬೀಳಿಸುವ ತುಣುಕು ಸೇರುವುದುಂಟು. ಮುಗಿಯಿತೆಂದು ಸಡಿಲಗೊಂಡ ನೋಡುಗನೇ ಅದರ ಗುರಿ.

ಎಲ್ಲವನ್ನೂ ತೋರಿಸದೆ ಹೆದರಿಸಬಹುದೆಂಬುದಕ್ಕೆ ಹಳೆಯ ನಿದರ್ಶನ 1960ರ ‘ಸೈಕೋ’ ಚಿತ್ರದ ಟ್ರೇಲರ್. ಆರು ನಿಮಿಷಗಳಿಗೂ ದೀರ್ಘವಾದ ಅದರಲ್ಲಿ ನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್ ಪ್ರವಾಸಿ ಮಾರ್ಗದರ್ಶಿಯಂತೆ ಮನೆಯನ್ನೂ ಮೋಟೆಲನ್ನೂ ತೋರಿಸುತ್ತ, ವಾಕ್ಯಗಳನ್ನು ಅರ್ಧಕ್ಕೇ ಬಿಡುತ್ತ ನಡೆಯುತ್ತಾರೆ. ಕೊನೆಗೆ ಸ್ನಾನಗೃಹದ ಪರದೆ ಸರಿದಾಗ ಕೇಳುವುದು ಒಂದು ಚೀತ್ಕಾರ ಮಾತ್ರ.

3. ಧ್ವನಿ: ಕಾಣದ ಕಂಠ

ಬೆಚ್ಚಿಬೀಳಿಸುವ ತಂತ್ರ ಸದ್ದಿಗಿಂತ ಹೆಚ್ಚಾಗಿ ಸದ್ದಿನ ಮುಂಚಿನ ಮೌನವನ್ನು ಅವಲಂಬಿಸಿದೆ. 1942ರ ‘ಕ್ಯಾಟ್ ಪೀಪಲ್’ ಚಿತ್ರದಲ್ಲಿ ನಿರ್ಜನ ರಸ್ತೆಯಲ್ಲಿ ನಡೆಯುವ ಹೆಣ್ಣಿನ ಹೆಜ್ಜೆಸದ್ದು ತೀವ್ರಗೊಂಡು, ಮೃಗದ ಗರ್ಜನೆಯಂತೆ ಭಾಸವಾಗುವ ಸದ್ದೊಂದು ಎರಗುತ್ತದೆ. ಬಂದದ್ದು ಬರಿಯ ಬಸ್ಸು. ನಿರ್ಮಾಪಕ ವ್ಯಾಲ್ ಲೂಟನ್ ಅವರ ಹೆಸರಿನಿಂದ ಈ ತಂತ್ರಕ್ಕೆ ‘ಲೂಟನ್ ಬಸ್’ ಎಂಬ ರೂಢನಾಮವೇ ಬಂದಿದೆ.

ಇದಕ್ಕಿಂತ ಸೂಕ್ಷ್ಮವಾದದ್ದು ಒಡಲಿಲ್ಲದ ಕಂಠ. ಮಿಶೆಲ್ ಶಿಯೊ ಎಂಬ ಫ್ರೆಂಚ್ ವಿದ್ವಾಂಸರು 1982ರಲ್ಲಿ ತೋರಿಸಿಕೊಟ್ಟಂತೆ, ಮೂಲ ಕಾಣದ ದನಿಗೆ ಎಲ್ಲವನ್ನೂ ಬಲ್ಲ, ಎಲ್ಲಿಯೂ ಇರಬಲ್ಲ ಶಕ್ತಿ ಒದಗುತ್ತದೆ. ಕರ್ನಾಟಕದ ಜನರಿಗೆ ಇದನ್ನು ವಿವರಿಸಲು ಪ್ಯಾರಿಸ್ಸಿನವರೆಗೆ ಹೋಗಬೇಕಿಲ್ಲ. 1990ರ ದಶಕದಲ್ಲಿ ಬೆಂಗಳೂರು ಮೊದಲಾದ ಕಡೆಗಳಲ್ಲಿ ಹಬ್ಬಿದ ವದಂತಿಯ ಪ್ರಕಾರ ದೆವ್ವವು ರಾತ್ರಿ ಮನೆಯವರದೇ ದನಿಯಲ್ಲಿ ಕರೆಯುತ್ತಿತ್ತು, ಓಗೊಟ್ಟವರಿಗೆ ಸಾವು. ಅದಕ್ಕೆ ಜನ ಕಂಡುಕೊಂಡ ಪರಿಹಾರ ಶುದ್ಧ ಭಾಷಿಕವಾದದ್ದು: ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುವುದು.

ಈ ಎರಡು ಪದಗಳು ಭಾಷಾಶಾಸ್ತ್ರಜ್ಞರ ಗಮನಕ್ಕೆ ಅರ್ಹ. ‘ಬಾ’ ಏಕವಚನದ ವಿಧಿರೂಪ. ‘ಬನ್ನಿ’ ಎಂಬ ಗೌರವ ದೆವ್ವಕ್ಕಿಲ್ಲ. ‘ನಾಳೆ’ ಎಂಬುದು ಆಡಿದ ಅಥವಾ ಓದಿದ ಹೊತ್ತನ್ನು ಆಧರಿಸಿ ಅರ್ಥ ಬದಲಿಸುವ ಸಂದರ್ಭಸೂಚಕ ಪದ. ಬರಹ ಅಲ್ಲಿಯೇ ಇರುತ್ತದೆ, ನಾಳೆ ಮಾತ್ರ ದಿನವೂ ಮುಂದೆ ಸರಿಯುತ್ತದೆ. 2018ರ ಹಿಂದಿ ಚಿತ್ರ ‘ಸ್ತ್ರೀ’ ಇದೇ ವದಂತಿಯನ್ನು ಬಳಸಿಕೊಂಡಿತು. ನಮ್ಮ ದೃಷ್ಟಿಯಲ್ಲಿ ಪ್ರತಿಯೊಂದು ಭಯಾನಕ ಟ್ರೇಲರೂ ಒಂದು ‘ನಾಳೆ ಬಾ’. ಬಾಗಿಲ ಬರಹ ದೆವ್ವವನ್ನು ಮುಂದೂಡಿತು. ಟ್ರೇಲರ್ ಪ್ರೇಕ್ಷಕನ ತೃಪ್ತಿಯನ್ನು ಬಿಡುಗಡೆಯ ದಿನಕ್ಕೆ ಮುಂದೂಡುತ್ತದೆ.

4. ‘ಅಂತೆ’ಯಿಂದ ಸಾಕ್ಷ್ಯದವರೆಗೆ

ಕನ್ನಡದಲ್ಲಿ ಕೇಳಿದ ಸುದ್ದಿಗೂ ಕಂಡ ಸಂಗತಿಗೂ ವ್ಯಾಕರಣದಲ್ಲಿಯೇ ಭೇದವಿದೆ. ನಾವೇ ರಚಿಸಿದ ಈ ವಾಕ್ಯಗಳನ್ನು ನೋಡಬಹುದು:

(1) ಆ ಬೆಟ್ಟಕ್ಕೆ ಹೋದವರು ತಿರುಗಿ ಬಂದಿಲ್ಲ.
(2) ಆ ಬೆಟ್ಟಕ್ಕೆ ಹೋದವರು ತಿರುಗಿ ಬಂದಿಲ್ಲವಂತೆ.

ಮೊದಲನೆಯದರ ಹೊಣೆ ವಕ್ತೃವಿನದು. ಎರಡನೆಯದರಲ್ಲಿ ವರದಿಸೂಚಕವಾದ ‘ಅಂತೆ’ ಆ ಹೊಣೆಯನ್ನು ಹೆಸರಿಲ್ಲದ ಜನರ ಮೇಲೆ ಹಾಕುತ್ತದೆ. ಅಜ್ಜಿ ಹೇಳುವ ದೆವ್ವದ ಕತೆ ಆದಿಯಿಂದ ಅಂತ್ಯದವರೆಗೆ ‘ಅಂತೆ’ಯಲ್ಲಿಯೇ ನಡೆಯಬಲ್ಲುದು. ಟ್ರೇಲರ್ ಮಾಡುವುದು (2)ರಿಂದ (1)ಕ್ಕೆ ನೆಗೆತ. ಹಿರಿಯ ಪಾತ್ರವೊಂದು ‘ಅಂತೆ’ಯಲ್ಲಿ ಎಚ್ಚರಿಸುತ್ತದೆ, ಕಿರಿಯರು ನಗುತ್ತಾರೆ, ಮರುಕ್ಷಣ ಕ್ಯಾಮೆರಾ ಅದನ್ನು ಕಣ್ಣೆದುರು ನಿಲ್ಲಿಸುತ್ತದೆ. ಕೇಳುಗನಾಗಿದ್ದವನು ಸಾಕ್ಷಿಯಾಗುತ್ತಾನೆ.

ಈ ನೆಗೆತವನ್ನು ಒಂದು ಪ್ರಕಾರವಾಗಿಯೇ ಬೆಳೆಸಿದ್ದು, ಪಾತ್ರಗಳೇ ಚಿತ್ರಿಸಿ ಬಿಟ್ಟುಹೋದ ಮುದ್ರಿಕೆ ಸಿಕ್ಕಿತೆಂಬ ನೆಪದಲ್ಲಿ ಹೇಳುವ ಕಥನ. 1999ರ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಇದನ್ನು ಜನಪ್ರಿಯಗೊಳಿಸಿತು. ಕನ್ನಡದಲ್ಲಿ 2013ರ ‘6-5=2’ ಇದೇ ಮಾದರಿಯದು; ಚಾರಣಕ್ಕೆ ಹೋದ ಗೆಳೆಯರ ಕತೆ. ಅದರ ಶೀರ್ಷಿಕೆಯೇ ಒಂದು ತಪ್ಪು ಲೆಕ್ಕ. ಉತ್ತರ 1 ಆಗಬೇಕಾದಲ್ಲಿ 2 ಇದ್ದರೆ, ಎಣಿಕೆಗೆ ಸಿಗದ ಇನ್ನೊಂದು ಯಾವುದು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ನಡುಗುವ ಕ್ಯಾಮೆರಾ, ತಪ್ಪಿದ ಫೋಕಸ್, ಏದುಸಿರು ಇವೆಲ್ಲ ಇಲ್ಲಿ ದೋಷಗಳಲ್ಲ, ‘ಇದು ಕಂಡದ್ದು’ ಎಂದು ಸಾರುವ ಪ್ರತ್ಯಯಗಳು. ಮೊಬೈಲಿನಲ್ಲಿ ತಾವೇ ಚಿತ್ರೀಕರಿಸುವ ಹದಿಹರೆಯದವರಿಗೆ ಈ ಭಾಷೆ ಪರಿಚಿತ. ಆದುದರಿಂದ ನಂಬಿಕೆಗೆ ಹತ್ತಿರ.

ಹದಿಹರೆಯದವರನ್ನೇ ಇದು ಏಕೆ ಸೆಳೆಯುತ್ತದೆ? ತೀವ್ರಾನುಭವದ ಹಂಬಲವನ್ನು ಕುರಿತು ಮಾರ್ವಿನ್ ಜುಕರ್‌ಮನ್ ಮೊದಲಾದ ಮನೋವಿಜ್ಞಾನಿಗಳು ಹೇಳಿರುವುದರಲ್ಲಿ ಒಂದು ಭಾಗದ ಉತ್ತರವಿದೆ: ಅಪಾಯವಿಲ್ಲದ ಅಪಾಯವನ್ನು ಈ ವಯಸ್ಸು ಹುಡುಕುತ್ತದೆ. ಇನ್ನೊಂದು ಭಾಗ ಸಾಮಾಜಿಕ. ಟ್ರೇಲರಿನೊಳಗೂ ಗೆಳೆಯರ ಗುಂಪು, ನೋಡುವವರದೂ ಗುಂಪು. ಹೆದರಲಿಲ್ಲವೆಂದು ಹೇಳಿಕೊಳ್ಳುವುದಕ್ಕೆ ಮೊದಲು ನೋಡಲೇಬೇಕು.

5. ದೇವರಮನೆ: ಒಂದು ಬದಲಿ ಪರೀಕ್ಷೆ

ಧ್ವನಿಮಾಗಳನ್ನು ಗುರುತಿಸಲು ಒಂದು ಧ್ವನಿಯನ್ನು ಬದಲಿಸಿ ಅರ್ಥಭೇದವನ್ನು ನೋಡುವ ಕ್ರಮ ನಮ್ಮ ಶಾಸ್ತ್ರದಲ್ಲಿದೆ. ಅದನ್ನು ದೃಶ್ಯಕ್ಕೆ ಅನ್ವಯಿಸೋಣ. ಮೂಡಿಗೆರೆ ತಾಲ್ಲೂಕಿನ ದೇವರಮನೆಯಲ್ಲಿ ಪಶ್ಚಿಮಘಟ್ಟದ ಅಂಚಿಗೆ ಕಾಲಭೈರವೇಶ್ವರನ ಗುಡಿಯಿದೆ. ಮಳೆಗಾಲದಲ್ಲಿ ಮಂಜು ಹುಲ್ಲುಗಾವಲನ್ನು ಮುಚ್ಚಿದಾಗ ಹತ್ತು ಹೆಜ್ಜೆ ಮುಂದಿನದೂ ಕಾಣದು. ಚೌಕಟ್ಟು ಹೀಗಿರಲಿ: ಮಂಜು, ಗುಡಿಯ ಆಕೃತಿ, ಬೆನ್ನು ತೋರಿಸಿ ನಿಂತ ಒಬ್ಬ ವ್ಯಕ್ತಿ. ಇದಕ್ಕೆ ಗಂಟೆಯ ನಾದವನ್ನೂ ‘ದೇವರಮನೆ’ ಎಂಬ ಅಕ್ಷರಗಳನ್ನೂ ಕೂಡಿಸಿದರೆ ಯಾತ್ರೆಯ ಚಿತ್ರ. ಗಂಟೆಯನ್ನು ತೆಗೆದು ಮಂದ್ರದ ಮೊರೆತವನ್ನೂ ‘ಅಂದು ರಾತ್ರಿ...’ ಎಂಬ ಅಕ್ಷರಗಳನ್ನೂ ಇಟ್ಟರೆ ಭೀತಿಯ ಚಿತ್ರ. ಬಿಂಬದ ಒಂದು ಚುಕ್ಕೆಯೂ ಬದಲಾಗಿಲ್ಲ. ರೋಲಾಂ ಬಾರ್ತ್ 1964ರಲ್ಲಿ ಹೇಳಿದಂತೆ ತೇಲಾಡುವ ಬಿಂಬಕ್ಕೆ ಮಾತು ಲಂಗರು ಹಾಕಿದೆ.

ಇಲ್ಲಿ ಪದಗಳ ಚರಿತ್ರೆಯೂ ನೆರವಿಗೆ ಬರುತ್ತದೆ. ‘ದೆವ್ವ’ ಎಂಬುದು ‘ದೈವ’ದ ತದ್ಭವ. ‘ಭೈರವ’ ಎಂದರೆ ಭೀಕರನಾದವನು, ಅವನೇ ಕಾಯುವವನು. ‘ಭೂತ’ವು ಕರಾವಳಿ ಮಲೆನಾಡುಗಳಲ್ಲಿ ನೇಮ, ಹರಕೆ ಪಡೆಯುವ ದೈವ, ನಗರದ ಮಾತಿನಲ್ಲಿ ಹೆದರಿಸುವ ಪ್ರೇತ. ಈ ಅರ್ಥಗಳ ನಡುವಿನ ಹೊಸ್ತಿಲಲ್ಲಿಯೇ ಕನ್ನಡದ ಭಯಾನಕ ಕಥನ ಬೆಳೆದಿದೆ. ದೂರದರ್ಶನದಲ್ಲಿ ಬಂದ ಸದಾನಂದ ಸುವರ್ಣರ ‘ಗುಡ್ಡದ ಭೂತ’ ಧಾರಾವಾಹಿಯ ಶೀರ್ಷಿಕೆಗೀತೆಯು 2015ರ ಅನೂಪ್ ಭಂಡಾರಿಯವರ ‘ರಂಗಿತರಂಗ’ದಲ್ಲಿ ಹೊಸ ರೂಪದಲ್ಲಿ ಮರಳಿತು. ಆ ರಾಗದ ಎಳೆ ಕೇಳಿದೊಡನೆ ಒಂದು ತಲೆಮಾರಿಗೆ ಬಾಲ್ಯದ ಭಯ ನೆನಪಾಗುತ್ತದೆ. ಮುಂದಿನ ತಲೆಮಾರಿಗೆ ಅದೇ ಮೊದಲ ಭಯ. 2016ರಲ್ಲಿ ಪವನ್ ಕುಮಾರ್ ಅವರ ‘ಯು ಟರ್ನ್’ ಬೆಂಗಳೂರಿನ ಮೇಲ್ಸೇತುವೆಯೊಂದನ್ನು ಭಯದ ನೆಲೆಯಾಗಿಸಿ, ಇದಕ್ಕೆ ಮಂಜೂ ಕಾಡೂ ಬೇಕಿಲ್ಲವೆಂದು ತೋರಿಸಿತು.

ಪ್ರಶ್ನೆ ಇರುವುದು ಟ್ರೇಲರ್ ಹೊಸ್ತಿಲನ್ನೇ ಅಳಿಸಿಹಾಕಿದಾಗ. ಎರಡು ಗಂಟೆಗಳ ಚಿತ್ರಕ್ಕೆ ದೈವವನ್ನೂ ದೆವ್ವವನ್ನೂ ಬೇರ್ಪಡಿಸಲು ಸಮಯವಿದೆ, ಎರಡು ನಿಮಿಷಗಳ ಟ್ರೇಲರಿಗಿಲ್ಲ. ದೀಪ, ಕುಂಕುಮ, ಬಣ್ಣ ಹಚ್ಚಿದ ಮುಖ ಇವು ಪೂಜೆಯ ಸಂದರ್ಭದಿಂದ ಕಳಚಿ ಭಯದ ಚಿಹ್ನೆಗಳಾಗಿ ಹರಿದಾಡುತ್ತವೆ. ತನ್ನ ಮನೆಯ ಹರಕೆಯ ಬೆಟ್ಟವನ್ನು ‘ದೆವ್ವದ ಜಾಗ’ ಎಂದು ಓದಲು ಮಲೆನಾಡಿನ ಹುಡುಗಿಯೊಬ್ಬಳು ಕಲಿತರೆ, ಬದಲಾದದ್ದು ಮನರಂಜನೆಯ ಅಭಿರುಚಿಯಷ್ಟೇ ಅಲ್ಲ, ಅವಳ ನೆಲದ ಶಬ್ದಾರ್ಥ.

6. ಉಪಸಂಹಾರ

2024ರ ಪ್ರಮಾಣೀಕರಣ ನಿಯಮಗಳು ಯುಎ ವರ್ಗವನ್ನು 7+, 13+, 16+ ಎಂದು ವಿಂಗಡಿಸಿವೆ. ಚಿತ್ರಮಂದಿರದಲ್ಲಿ ತೋರಿಸುವ ಟ್ರೇಲರಿಗೂ ಪ್ರಮಾಣಪತ್ರ ಬೇಕು. ಆದರೆ ಹದಿಹರೆಯದವರು ಟ್ರೇಲರನ್ನು ಹೆಚ್ಚಾಗಿ ನೋಡುವುದು ಅಂಗೈಯ ಪರದೆಯಲ್ಲಿ. ಅಲ್ಲಿ ನಿಷೇಧಕ್ಕಿಂತ ಓದಿನ ಶಿಕ್ಷಣವೇ ಉಪಯುಕ್ತವೆಂದು ನಾವು ಭಾವಿಸುತ್ತೇವೆ. ಕನ್ನಡ ತರಗತಿಯಲ್ಲಿ ಒಂದು ಟ್ರೇಲರನ್ನು ಮೊದಲು ಸದ್ದಿಲ್ಲದೆ, ಬಳಿಕ ಚಿತ್ರವಿಲ್ಲದೆ, ಕೊನೆಗೆ ಎರಡನ್ನೂ ಕೂಡಿಸಿ ನೋಡಿಸಿ, ಎಲ್ಲಿ ಮೈ ಜುಮ್ಮೆಂದಿತು ಎಂದು ಗುರುತು ಹಾಕಿಸಬಹುದು. ವಾಕ್ಯವಿಶ್ಲೇಷಣೆಯ ಪಾಠಕ್ಕಿಂತ ಇದು ಬೇರೆಯಲ್ಲ. ಭಯ ಹೇಗೆ ಕಟ್ಟಲ್ಪಟ್ಟಿತೆಂದು ತಿಳಿದವರೂ ಹೆದರುತ್ತಾರೆ, ಹೆದರಿ ಸಂತೋಷಪಡುತ್ತಾರೆ. ಆದರೆ ಪರದೆ ಆರಿದ ಮೇಲೆ ಮಂಜಿನೊಳಗಿನ ಗುಡಿಯನ್ನು ಗುಡಿಯೆಂದೇ ಕಾಣಬಲ್ಲರು.