ತಾಮ್ರ, ಸತು ಮತ್ತು ಇಂಗಾಲದ ಡೈಆಕ್ಸೈಡ್: ಬೀದರ್ ಸೀಮೆಯ ನಿದರ್ಶನಗಳು

ಬಿದ್ರಿ ಕಲೆಯ ಮಿಶ್ರಲೋಹದಲ್ಲಿ ಸತುವಿನದೇ ಸಿಂಹಪಾಲು, ತಾಮ್ರ ಅತ್ಯಲ್ಪ. ಆದರೂ ಆ ಅಲ್ಪ ತಾಮ್ರವಿಲ್ಲದೆ, ಬೀದರ್ ಕೋಟೆಯ ಮಣ್ಣು ಹಾಗೂ ನವಸಾಗರ ಬೆರೆಸಿದ ನೀರಿನಿಂದ ಪಾತ್ರೆಗೆ ಗಾಢವಾದ ಕಪ್ಪು ಹತ್ತುವುದಿಲ್ಲ. ಈ ಬದಲಾವಣೆ ಲೋಹದ ಮೇಲ್ಮೈಗೆ ಮಾತ್ರ ಸೀಮಿತ. ಇಂಗಾಲದ ಡೈಆಕ್ಸೈಡನ್ನು ಮೆಥನಾಲ್ ಆಗಿ ಮಾರ್ಪಡಿಸುವ ಘನ ಕ್ರಿಯಾವರ್ಧಕದಲ್ಲಿಯೂ ತಾಮ್ರ ಮತ್ತು ಸತುವಿನ ಆಕ್ಸೈಡ್ ಜೊತೆಗೂಡಿವೆ. ಅಲ್ಲಿಯೂ ಕ್ರಿಯೆ ನಡೆಯುವುದು ಮೇಲ್ಮೈಯಲ್ಲಿಯೇ. ಕುಶಲಕರ್ಮಿಗಳ ಜ್ಞಾನದಿಂದ ಈ ವಿಧಾನ ಹುಟ್ಟಿತೆಂದು ಇದರಿಂದ ಸಾಧಿಸಲಾಗದು. ಎರಡೂ ಭಿನ್ನ ಕ್ರಿಯೆಗಳು. ಆದರೆ ಹೊಸ ವಿಜ್ಞಾನವನ್ನು ಕನ್ನಡದಲ್ಲಿ ವಿವರಿಸಲು ಈ ಜಿಲ್ಲೆಯ ಜನಜೀವನ ಒದಗಿಸುವ ನಿದರ್ಶನಗಳು ಗಮನಾರ್ಹವಾಗಿವೆ.

ಕ್ರಿಯಾವರ್ಧಕವನ್ನು ಹಾಲಿನ ಹೆಪ್ಪಿಗೆ ಹೋಲಿಸುವುದುಂಟು. ಹೆಪ್ಪು ಮೊಸರಿನಲ್ಲಿ ಬೆರೆತುಹೋಗುವುದರಿಂದ ಈ ಹೋಲಿಕೆ ಪೂರ್ಣವಾಗಿ ಒಪ್ಪುವುದಿಲ್ಲ. ಔರಾದ ಸೀಮೆಯ ದನದ ಸಂತೆಯ ದಲ್ಲಾಳಿ ಹೆಚ್ಚು ಸಮರ್ಪಕ. ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಕೊಳ್ಳುವವನನ್ನೂ ಮಾರುವವನನ್ನೂ ಒಂದು ಬೆಲೆಗೆ ತರುವ ಆತ, ವ್ಯವಹಾರ ಮುಗಿದೊಡನೆ ಮತ್ತೊಂದು ಜೋಡಿಯತ್ತ ಸಾಗುತ್ತಾನೆ. ಕ್ರಿಯಾವರ್ಧಕವೂ ಅನಿಲಗಳನ್ನು ತನ್ನ ಮೇಲ್ಮೈಯಲ್ಲಿ ಕೂಡಿಸಿ, ಮೆಥನಾಲ್ ಬೇರ್ಪಟ್ಟ ಬಳಿಕ ಪುನಃ ತೆರವಾಗುತ್ತದೆ.

ಬ್ರಿಟನ್ನಿನ ಐ.ಸಿ.ಐ. ಸಂಸ್ಥೆಯು ೧೯೬೦ರ ದಶಕದಲ್ಲಿ ಇಂತಹ ಕ್ರಿಯಾವರ್ಧಕವನ್ನು ಮೆಥನಾಲ್ ಉದ್ಯಮಕ್ಕೆ ತಂದಿತು. ಸುಮಾರು ೨೦೦ರಿಂದ ೩೦೦ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಅಧಿಕ ಒತ್ತಡದಲ್ಲಿ, ೪೪ ಕಿ.ಗ್ರಾಂ ಇಂಗಾಲದ ಡೈಆಕ್ಸೈಡ್ ೬ ಕಿ.ಗ್ರಾಂ ಜಲಜನಕದೊಡನೆ ಪೂರ್ಣವಾಗಿ ಸಂಯೋಗ ಹೊಂದಿದರೆ ೩೨ ಕಿ.ಗ್ರಾಂ ಮೆಥನಾಲ್, ೧೮ ಕಿ.ಗ್ರಾಂ ನೀರು ದೊರೆಯುತ್ತವೆ. ಈ ನೀರಾವಿ ಮತ್ತು ಶಾಖದಿಂದ ತಾಮ್ರದ ಸೂಕ್ಷ್ಮ ಕಣಗಳು ಕ್ರಮೇಣ ಒಂದಕ್ಕೊಂದು ಕೂಡಿಕೊಂಡು ದಪ್ಪವಾಗುತ್ತವೆ. ಮೇಲ್ಮೈ ಕುಗ್ಗಿ ಕ್ರಿಯೆ ಮಂದವಾಗುತ್ತದೆ. ಹೆಚ್ಚು ಕಾಲ ಬಾಳುವ ಕ್ರಿಯಾವರ್ಧಕಗಳ ಶೋಧಕ್ಕೆ ಇದೇ ಕಾರಣ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸೆಬಾಸ್ಟಿಯನ್ ಸಿ. ಪೀಟರ್ ಅವರ ತಂಡವು ಇಂಗಾಲದ ಡೈಆಕ್ಸೈಡ್ ಪರಿವರ್ತನೆಯ ಕ್ರಿಯಾವರ್ಧಕಗಳ ಬಗ್ಗೆ ಸಂಶೋಧನೆ ನಡೆಸಿದೆ.

ಇನ್ನು ಕಚ್ಚಾ ಅನಿಲದ ಪ್ರಶ್ನೆ. ಭಾಲ್ಕಿ ಕಬ್ಬು ಬೆಳೆಯುವ ಸೀಮೆ. ಕಾಕಂಬಿ ಹುದುಗಿ ೪೬ ಕಿ.ಗ್ರಾಂ ಎಥನಾಲ್ ಆಗುವಾಗ ೪೪ ಕಿ.ಗ್ರಾಂ ಇಂಗಾಲದ ಡೈಆಕ್ಸೈಡ್ ಬಹುಪಾಲು ಶುದ್ಧವಾಗಿಯೇ ಹೊರಬರುತ್ತದೆ. ಆದರೆ ಅದಕ್ಕೆ ಬೇಕಾದ ೬ ಕಿ.ಗ್ರಾಂ ಜಲಜನಕವನ್ನು ನೈಸರ್ಗಿಕ ಅನಿಲದಿಂದ ಪಡೆದರೆ, ಕಿಲೋ ಒಂದಕ್ಕೆ ಸುಮಾರು ೯ ಕಿ.ಗ್ರಾಂನಂತೆ ೫೪ ಕಿ.ಗ್ರಾಂ ಇಂಗಾಲದ ಡೈಆಕ್ಸೈಡ್ ಹೊಸದಾಗಿ ಗಾಳಿ ಸೇರುತ್ತದೆ. ಬಳಸಿದ್ದಕ್ಕಿಂತ ಬಿಟ್ಟಿದ್ದೇ ಹೆಚ್ಚು. ಬಿಸಿಲಿನ ವಿದ್ಯುತ್ತಿನಿಂದ ನೀರನ್ನು ವಿಭಜಿಸಿದರೆ ಈ ದೋಷ ಬಹುಮಟ್ಟಿಗೆ ತಪ್ಪುತ್ತದೆ. ಆದರೆ ಅದಕ್ಕೆ ಕನಿಷ್ಠ ೫೪ ಕಿ.ಗ್ರಾಂ ನೀರು ಬೇಕು. ಕ್ರಿಯೆಯ ಕೊನೆಯಲ್ಲಿ ಮರಳುವುದು ೧೮ ಮಾತ್ರ.

ಔರಾದದಲ್ಲಿ ಬಿಸಿಲಿಗೆ ಬರವಿಲ್ಲ, ನೀರಿಗೆ ಉಂಟು. ಆದುದರಿಂದ ಇಂತಹ ಉದ್ಯಮವನ್ನು ಈ ಸೀಮೆಯಲ್ಲಿ ಯೋಜಿಸುವವರು ಕ್ರಿಯಾವರ್ಧಕದ ಸಾಮರ್ಥ್ಯದೊಡನೆ ಬಾವಿಯ ಆಳವನ್ನೂ ಅಳೆಯಬೇಕಾಗುತ್ತದೆ. ಆ ಲೆಕ್ಕ ರೈತನಿಗೆ ಅವನ ನುಡಿಯಲ್ಲಿಯೇ ತಿಳಿಯುವಂತಿರುವುದು ಅವಶ್ಯ.