ಗಂಡ-ಹೆಂಡತಿಯ ಎರಡು ಶಾಲೆಗಳು

ಅಮೆರಿಕದ ಕನೆಕ್ಟಿಕಟ್ ರಾಜ್ಯದ ವಾಲಿಂಗ್‌ಫರ್ಡ್. 1890ರಲ್ಲಿ ಮೇರಿ ಚೋಟ್ ಇಲ್ಲಿ ಹೆಣ್ಣುಮಕ್ಕಳಿಗಾಗಿ ರೋಸ್‌ಮರಿ ಹಾಲ್ ಶಾಲೆ ತೆರೆದರು. 1896ರಲ್ಲಿ ಪತಿ, ನ್ಯಾಯಾಧೀಶ ವಿಲಿಯಂ ಚೋಟ್, ಗಂಡುಮಕ್ಕಳಿಗೆಂದು ಚೋಟ್ ಶಾಲೆ ಶುರುಮಾಡಿದರು.

ಈ ನೆರೆಹೊರೆ ಹೆಚ್ಚು ದಿನ ಉಳಿಯಲಿಲ್ಲ. ರೋಸ್‌ಮರಿಯ ಮುಖ್ಯೋಪಾಧ್ಯಾಯಿನಿ ಕ್ಯಾರೊಲಿನ್ ರೂಟ್ಸ್-ರೀಸ್ ಮಹಿಳಾ ಮತದಾನದ ಹೋರಾಟಗಾರ್ತಿ, ಗಟ್ಟಿಗಿತ್ತಿ. 1900ರಲ್ಲಿ ಇಡೀ ಶಾಲೆಯನ್ನೇ ಗ್ರೀನಿಚ್‌ಗೆ ಸಾಗಿಸಿಬಿಟ್ಟರು!

ಇತ್ತ ಚೋಟ್‌ನಲ್ಲಿ ತಂಟೆಕೋರರ ಕ್ಲಬ್ ಕಟ್ಟಿ ಹೆಡ್‌ಮಾಸ್ಟರ್ ಕೈಯಲ್ಲಿ ಬೈಸಿಕೊಂಡ ಹುಡುಗನೊಬ್ಬ 1935ರಲ್ಲಿ ಹೇಗೋ ಪಾಸಾದ. ಹೆಸರು ಜಾನ್ ಎಫ್. ಕೆನಡಿ.

ಹುಡುಗಿಯರ ಶಾಲೆ ವಾಲಿಂಗ್‌ಫರ್ಡ್‌ಗೆ ಮರಳಿದ್ದು 1971ರಲ್ಲಿ. ಎರಡು ಕ್ಯಾಂಪಸ್‌ಗಳ ನಡುವೆ ವಾಸ್ತುಶಿಲ್ಪಿ ಐ. ಎಂ. ಪೇ ಕಲಾಕೇಂದ್ರವೊಂದನ್ನು ರೂಪಿಸಿದರು. ಅತ್ತಿಂದಿತ್ತ ಓಡಾಡುವ ಮಕ್ಕಳಿಗೆ ಅದರ ಮಧ್ಯದಲ್ಲೇ ದಾರಿ. 1974ರಲ್ಲಿ ಶಾಲೆಗಳು ಅಧಿಕೃತವಾಗಿ ವಿಲೀನವಾದವು. ಹೆಸರಿನ ವಿಷಯದಲ್ಲಿ ಮಾತ್ರ ಯಾರೂ ಬಿಟ್ಟುಕೊಡಲಿಲ್ಲ: ಚೋಟ್ ರೋಸ್‌ಮರಿ ಹಾಲ್.