ಇಂಜಿನ್ ಬಿಸಿಯ ಜಾಡು ಹಿಡಿದು

ಏಪ್ರಿಲ್ ಮಧ್ಯಾಹ್ನ ದಾವಣಗೆರೆಯಲ್ಲಿ ಬಿಸಿಯಾಗದ ವಸ್ತುವೇ ಇಲ್ಲ. ಪಾದರಸ 40 ಡಿಗ್ರಿಯ ಆಸುಪಾಸಿನಲ್ಲಿ ನಿಂತಿರುತ್ತದೆ. ನಿಲ್ಲಿಸಿದ ಬೈಕಿನ ಸೀಟಿನ ಮೇಲೆ ಕೂರಬೇಕೆಂದರೆ ಟವಲ್ ಹಾಸಬೇಕು. ಸರಸ್ವತಿ ನಗರದ ಒಂದು ತಿರುವಿನಲ್ಲಿ, ಬೇವಿನ ಮರಕ್ಕೆ ಆನಿಸಿಕೊಂಡಂತೆ ತಗಡಿನ ಗ್ಯಾರೇಜು. ಮುಂದೆ ಎಣ್ಣೆ ಕುಡಿದು ಕಪ್ಪಾದ ನೆಲ, ಬಿಡಿಭಾಗ ತೊಳೆಯುವ ತಟ್ಟೆಯಲ್ಲಿ ಸೀಮೆಎಣ್ಣೆ, ಕೈ ಒರೆಸಲು ಒಂದು ಹಿಡಿ ಬನಿಯನ್ ವೇಸ್ಟು. ಈ ದಿನಗಳಲ್ಲಿ ಇಲ್ಲಿಗೆ ಬರುವವರ ದೂರು ಹೆಚ್ಚಾಗಿ ಒಂದೇ: ಇಂಜಿನ್ ಹೀಟ್.

ಹರಿಹರದಿಂದ ದಿನಾ ಇಲ್ಲಿನ ಮೆಕ್ಕೆಜೋಳದ ಮಂಡಿಗೆ ಕೆಲಸಕ್ಕೆ ಬರುವ ಹುಡುಗ ತನ್ನ ನೂರು ಸಿಸಿ ಗಾಡಿಯನ್ನು ನೆರಳಿಗೆ ತಳ್ಳಿಕೊಂಡು ಬಂದ.

“ಅಣ್ಣಾ, ಇಂಜಿನ್ ಭಾಳ ಹೀಟ್ ಆಗ್ತೈತಿ. ಕಾಲು ತಾಗಿದ್ರೆ ಸುಡ್ತೈತಿ. ಹೆಡ್ ಬಿಚ್ಚಬೇಕಾಗ್ತೈತೇನು?”

“ಬಿಚ್ಚೋದು ಆಮೇಲೆ. ಯಾವಾಗ ಹೀಟ್ ಆಗ್ತೈತಿ ಹೇಳಪ್ಪ. ಸಿಗ್ನಲ್‌ನಾಗ ನಿಂತಾಗೋ, ರೋಡ್ ಮ್ಯಾಲೆ ಓಡ್ಸುವಾಗೋ?”

“ಹರಿಹರದಿಂದ ಬರುವಾಗ. ಬಾತಿ ಹತ್ರ ಬಂದ್ರೆ ಪಿಕಪ್ ಬಿದ್ದಂಗ ಆಗ್ತೈತಿ. ಊರೊಳಗ ಏನೂ ಇಲ್ಲ.”

ಮೆಕ್ಯಾನಿಕ್ ಕೇಳಿದ ‘ಯಾವಾಗ’ ಎಂಬ ಈ ಒಂದು ಪ್ರಶ್ನೆಗೆ ನಾನು ತುಂಬ ಬೆಲೆ ಕೊಡುತ್ತೇನೆ. ಗಾಳಿಯಿಂದಲೇ ತಣಿಯುವ ಇಂಜಿನ್ನಿಗೆ ಸಿಗ್ನಲ್ಲಿನಲ್ಲಿ ನಿಂತಾಗ ಗಾಳಿ ಸಿಗುವುದಿಲ್ಲ, ಆಗ ಬಿಸಿಯೇರುವುದು ಸಹಜ. ಗಾಳಿ ರಾಚುವ ಬಯಲು ರಸ್ತೆಯಲ್ಲಿ ಬಿಸಿಯೇರಿ ಪಿಕಪ್ಪೂ ಬಿದ್ದರೆ ಒಳಗೆ ಏನೋ ತಪ್ಪಿದೆ. ಬರೀ ಕೈ ಸುಡುವುದರಿಂದ ಏನೂ ತಿಳಿಯದು. ಚರ್ಮ ಸುಡಲು 60 ಡಿಗ್ರಿ ಸಾಕು, ಆರೋಗ್ಯವಾಗಿರುವ ಏರ್‌ಕೂಲ್ಡ್ ಇಂಜಿನ್ನಿನ ಹೆಡ್ಡು ಓಡುವಾಗ 100 ಡಿಗ್ರಿಯನ್ನು ಎಷ್ಟೋ ದಾಟಿರುತ್ತದೆ. ನೀರು ಚಿಮುಕಿಸಿ ಚುರ್ ಎಂದಿತು ಎಂದು ಹೆದರುವವರು ಇದ್ದಾರೆ. ಚುರ್ ಎನ್ನಲೇಬೇಕು. ಹೆದರಬೇಕಾದದ್ದು ಬೇರೆ ಗುರುತುಗಳಿಗೆ: ಏರಿನಲ್ಲಿ ಆಕ್ಸಿಲರೇಟರ್ ಕೊಟ್ಟಾಗ ಟಿಣಿಟಿಣಿ ಬಡಿತ, ಕೀ ತೆಗೆದರೂ ಒಂದೆರಡು ಸುತ್ತು ಓಡುವ ಇಂಜಿನ್, ಸೈಲೆನ್ಸರ್ ಬೆಂಡಿನ ಕ್ರೋಮ್ ನೀಲಿಗಟ್ಟುವುದು.

ಈ ಗಾಡಿಯ ಬೆಂಡು ಬುಡದಲ್ಲಿ ನೀಲಿಯಾಗಿತ್ತು.

ಮೆಕ್ಯಾನಿಕ್ ಸ್ಪ್ಯಾನರ್ ಮುಟ್ಟಲಿಲ್ಲ. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ ಎರಡು ನಿಮಿಷ ಬಿಟ್ಟ. ಮೇಲೇರಿದ ಆಯಿಲ್ ಇಳಿಯಲಿ ಎಂದು. ಆಮೇಲೆ ಡಿಪ್‌ಸ್ಟಿಕ್ ತೆಗೆದು ಒರೆಸಿ, ತಿರುಪದೆ ಹಾಗೇ ಇಟ್ಟು ಎತ್ತಿ ನೋಡಿದ. ಆಯಿಲ್ ಕಪ್ಪಾಗಿತ್ತು, ಮಟ್ಟ ಸರಿಯಿತ್ತು. ಇಂಥ ಗಾಡಿಯಲ್ಲಿ ಇರುವುದೇ ಸುಮಾರು ಒಂದು ಲೀಟರ್ ಆಯಿಲ್. ಇಂಜಿನ್, ಗೇರು, ಕ್ಲಚ್ಚು ಮೂರಕ್ಕೂ ಅದೇ ಆಸರೆ, ಬಿಸಿಯನ್ನು ಒಳಗಿನಿಂದ ಹೊತ್ತು ತರುವುದೂ ಅದೇ. ಕಾಲು ಲೀಟರ್ ಕಡಿಮೆಯಾದರೂ ದೊಡ್ಡ ಮಾತು. ನಂತರ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿದ. ತಡೆಯಿಲ್ಲದೆ ತಿರುಗಿತು. ಲೈನರ್ ಹಾಕಿಸಿದ ಮೇಲೆ ಬ್ರೇಕ್ ರಾಡಿನ ನಟ್ಟನ್ನು ಬಿಗಿಯಾಗಿ ಬಿಟ್ಟಿದ್ದರೆ, ಇಂಜಿನ್ನು ದಾರಿಯುದ್ದಕ್ಕೂ ಬ್ರೇಕಿನ ಜೊತೆ ಗುದ್ದಾಡುತ್ತಿರುತ್ತದೆ. ಸವಾರ ಇಂಜಿನ್ನನ್ನು ಬೈಯುತ್ತಾನೆ, ತಪ್ಪು ಡ್ರಮ್ಮಿನದು.

ಫಿನ್ನುಗಳ ಸಂದಿಯೂ ಚೊಕ್ಕವಾಗಿತ್ತು. ಪಕ್ಕದಲ್ಲಿ ನಿಂತಿದ್ದ ಇನ್ನೊಂದು ಗಾಡಿಯ ಕಥೆ ಬೇರೆ. ಭದ್ರಾ ನಾಲೆಯ ಬಯಲಿನಲ್ಲಿ ಗದ್ದೆ ಬದುವಿನ ಮೇಲೆ ಓಡಾಡುವ ಗಾಡಿಯದು. ಸಿಲಿಂಡರಿನ ಮುಂಭಾಗದಲ್ಲಿ ಫಿನ್ನೇ ಕಾಣದಷ್ಟು ಕೆಸರು ಕೂತು, ಒಣಗಿ, ಇಟ್ಟಿಗೆಯಾಗಿತ್ತು. ಅದಕ್ಕೆ ಬೇರೆ ಚಿಕಿತ್ಸೆ ಬೇಡ, ತಣ್ಣಗಿರುವಾಗ ತೊಳೆದರೆ ಸಾಕು. ಬಿಸಿ ಇಂಜಿನ್ನಿಗೆ ಬಕೆಟ್ ನೀರು ಸುರಿಯುವುದು ಮಾತ್ರ ಬೇಡವೇ ಬೇಡ. ಕಾದ ಲೋಹ ಒಂದೇ ಸಲಕ್ಕೆ ತಣಿದರೆ ಸೊಟ್ಟಗಾಗುತ್ತದೆ, ಬಿರುಕೂ ಬಿಡಬಹುದು.

ಇಷ್ಟಾದ ಮೇಲೆ ಪ್ಲಗ್ ಬಿಚ್ಚಿದ. ಅಂಗೈಯಲ್ಲಿಟ್ಟು ಬಿಸಿಲಿಗೆ ಹಿಡಿದ. ಚೆನ್ನಾಗಿ ಉರಿಯುವ ಇಂಜಿನ್ನಿನ ಪ್ಲಗ್ಗಿನಲ್ಲಿ ನಡುವಿನ ಪಿಂಗಾಣಿಯ ಮೂತಿ ಕಾಫಿ ಬಣ್ಣಕ್ಕೆ ತಿರುಗಿರುತ್ತದೆ. ಪೆಟ್ರೋಲ್ ಹೆಚ್ಚಾದರೆ ಮಸಿ, ಆಯಿಲ್ ಒಳಬರುತ್ತಿದ್ದರೆ ಒದ್ದೆ ಜಿಡ್ಡು. ಇದು ಸುಣ್ಣ ಬಳಿದಂತೆ ಬೆಳ್ಳಗಿತ್ತು, ತುದಿಯಲ್ಲಿ ಸಣ್ಣ ಗುಳ್ಳೆಗಳೂ ಇದ್ದವು. ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಗ್ಯಾರೇಜಿನ ಮಾತಿನಲ್ಲಿ, ಗಾಡಿ ಲೀನ್ ಆಗಿದೆ.

ಗಾಳಿ ಕಳ್ಳದಾರಿಯಲ್ಲಿ ನುಗ್ಗುತ್ತಿದೆಯೋ, ಪೆಟ್ರೋಲೇ ಸಾಲುತ್ತಿಲ್ಲವೋ? ಪ್ಲಗ್ ಮತ್ತೆ ಹಾಕಿ, ಇಂಜಿನ್ನನ್ನು ಸ್ಲೋದಲ್ಲಿ ಬಿಟ್ಟು, ಕಾರ್ಬೊರೇಟರ್ ಮತ್ತು ಹೆಡ್ಡಿನ ನಡುವಿನ ಜೋಡಣೆಗೆ ಬಾಟಲಿಯಿಂದ ಸ್ವಲ್ಪ ನೀರು ಸಿಂಪಡಿಸಿದ. ಬಿರುಕಿದ್ದರೆ ಇಂಜಿನ್ನಿನ ದನಿ ಆ ಕ್ಷಣಕ್ಕೆ ಬದಲಾಗಬೇಕಿತ್ತು. ಬದಲಾಗಲಿಲ್ಲ. ಇಂಜಿನ್ ಆಫ್ ಮಾಡಿ, ಪೆಟ್ರೋಲ್ ಪೈಪನ್ನು ಕಾರ್ಬೊರೇಟರಿನಿಂದ ಕಳಚಿ ಖಾಲಿ ಬಾಟಲಿಗೆ ಬಿಟ್ಟ. ದಾರದ ಹಾಗೆ ಇಳಿಯಬೇಕಾದ ಪೆಟ್ರೋಲ್ ಮೊದಲು ಸ್ವಲ್ಪ ಹರಿದು, ಆಮೇಲೆ ತೊಟ್ಟಿಕ್ಕತೊಡಗಿತು. ಟ್ಯಾಂಕಿನ ಮುಚ್ಚಳ ತೆರೆದ. ಮುಚ್ಚಳದಲ್ಲಿ ಗಾಳಿಯಾಡುವ ಸಣ್ಣ ತೂತಿರುತ್ತದೆ, ಅದು ಕಟ್ಟಿಕೊಂಡರೂ ಪೆಟ್ರೋಲ್ ಇಳಿಯುವುದಿಲ್ಲ. ತೆರೆದರೂ ತೊಟ್ಟಿಕ್ಕುತ್ತಲೇ ಇತ್ತು.

“ಕಾಕ್ ಬ್ಲಾಕ್ ಆಗೈತಿ ನೋಡು,” ಅಂದ.

ಟ್ಯಾಂಕ್ ಖಾಲಿ ಮಾಡಿ ಕಾಕ್ ಬಿಚ್ಚಿದಾಗ ಜಾಲರಿಯ ಸುತ್ತ ಕೆಂಪು ತುಕ್ಕಿನ ಪುಡಿ, ಅದರ ಜೊತೆ ಲೋಳೆಯಂಥ ಕಸ. ಊರೊಳಗೆ ನಿಧಾನಕ್ಕೆ ಓಡಾಡುವಾಗ ಈ ತೊಟ್ಟು ಪೆಟ್ರೋಲೇ ಸಾಕಾಗುತ್ತಿತ್ತು. ಹರಿಹರದಿಂದ ಹೊರಟು ಗಾಡಿ ಕೈತುಂಬ ಆಕ್ಸಿಲರೇಟರಿನಲ್ಲಿ ಓಡಿದರೆ, ಕಾರ್ಬೊರೇಟರಿನ ಬೌಲಿನಲ್ಲಿದ್ದದ್ದು ಖರ್ಚಾಗುತ್ತ ಹೋಗಿ, ಬಾತಿ ಗುಡ್ಡ ಕಾಣುವ ಹೊತ್ತಿಗೆ ಇಂಜಿನ್ನಿಗೆ ಹಸಿವು. ಆಗಲೇ ಬಿಸಿ, ಆಗಲೇ ಪಿಕಪ್ ಇಳಿತ. ಹುಡುಗ ಮೊದಲೇ ಎಲ್ಲ ಹೇಳಿದ್ದ, ಕೇಳುವವರು ಬೇಕಿತ್ತು ಅಷ್ಟೆ.

ಈಗಿನ ಪೆಟ್ರೋಲಿನ ವಿಷಯವನ್ನೂ ಇಲ್ಲಿ ಹೇಳಬೇಕು. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಬೆರೆಯತೊಡಗಿದೆ. ನಮ್ಮ ಕುಕ್ಕುವಾಡದ ಸಕ್ಕರೆ ಕಾರ್ಖಾನೆಯೂ ಎಥೆನಾಲ್ ತಯಾರಿಸುತ್ತದೆ. ಎಥೆನಾಲ್ ಉರಿಯಲು ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕು. ಹಾಗಾಗಿ ಹಳೆಯ ಜೆಟ್ಟಿನ ಕಾರ್ಬೊರೇಟರಿನಲ್ಲಿ ಅದೇ ಅಳತೆ ಇಳಿದರೆ ಗಾಡಿ ಒಂದಿಷ್ಟು ಲೀನ್ ಆಗಿಯೇ ಓಡುತ್ತದೆ. ಎಥೆನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ಬಹುದಿನ ನಿಂತ ಗಾಡಿಯ ಟ್ಯಾಂಕಿನ ತಳದಲ್ಲಿ ತುಕ್ಕು ಹಿಡಿಯುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಗಾಡಿಗಳಲ್ಲಿ ಹೆಚ್ಚಿನವಕ್ಕೆ ಇಂಜೆಕ್ಷನ್ ಇದೆ, ಸೆನ್ಸರ್ ನೋಡಿ ಹೊಂದಿಸಿಕೊಳ್ಳುತ್ತವೆ. ಹಳೆಯವಕ್ಕೆ ಆ ಬುದ್ಧಿಯನ್ನು ಮೆಕ್ಯಾನಿಕ್ಕೇ ಕೊಡಬೇಕು.

ಮೆಕ್ಯಾನಿಕ್ಕಿನ ಇಂಥ ಹಂಗಿಲ್ಲದ ಕಾಲ ಹಿಂದೆಯೂ ಇರಲಿಲ್ಲ. ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ದಿಗಳಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕಿತ್ತು. ಬೆರಕೆ ತಪ್ಪಿದರೆ ಪಿಸ್ಟನ್ ಉಬ್ಬಿ ಸಿಲಿಂಡರಿನಲ್ಲಿ ಕಚ್ಚಿಕೊಂಡು ಸೀಜ್. ಹಿಂದಿನ ಚಕ್ರ ಹಿಡಿದುಬಿಡುತ್ತಿತ್ತು, ಕೂಡಲೇ ಕ್ಲಚ್ ಒತ್ತಿದವನು ಬಚಾವ್. ಆಮೇಲೆ ಬೋರ್ ಹೊಡೆಸುವ ಕೆಲಸ: ಕಾಲು ಮಿಲಿಮೀಟರ್, ಅರ್ಧ, ಮುಕ್ಕಾಲು, ಒಂದು, ಹೀಗೆ ಹೆಚ್ಚಿಸುತ್ತ ದೊಡ್ಡ ಪಿಸ್ಟನ್. ಆ ಅಳತೆಯ ನಿಖರತೆ ಈ ಸೀಮೆಗೆ ಹೊಸದಲ್ಲ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳನ್ನೇ ತಯಾರಿಸುತ್ತಿತ್ತು. ಆ ಕಾರ್ಖಾನೆಯ ದೆಸೆಯಿಂದಲೇ ಅಲ್ಲೊಂದು ಯಂತ್ರಪುರವೂ ಹುಟ್ಟಿತು. ಕಾರ್ಖಾನೆ ನಿಂತುಹೋಗಿದೆ, ಮೈಕ್ರೊಮೀಟರ್ ಹಿಡಿಯುವ ಕೈಗಳ ಮೇಲಿನ ಗೌರವ ನನ್ನಲ್ಲಿ ನಿಂತಿಲ್ಲ.

ಜಾಲರಿ ತೊಳೆದು, ಮೇನ್ ಜೆಟ್ಟನ್ನು ಬಾಯಿಂದ ಊದಿ ಬೆಳಕಿಗೆ ಹಿಡಿದು ನೋಡಿ, ಟ್ಯಾಂಕನ್ನು ಎರಡು ಸಲ ಕುಲುಕಿ ಖಾಲಿ ಮಾಡಿ, ಎಲ್ಲವನ್ನೂ ಮತ್ತೆ ಜೋಡಿಸಿದ. ಹೊಸ ಪ್ಲಗ್ ಹಾಕಿದ. ಬಾತಿಯಲ್ಲಿ ಅದನ್ನು ಬಿಚ್ಚಿ ಹಳೆಯದನ್ನು ಹಾಕಿಕೊಂಡು ಬರಲೆಂದು ಗ್ಯಾರೇಜಿನ ಹುಡುಗನ ಕೈಗೆ ಪ್ಲಗ್ ಪಾನಾ ಕೊಟ್ಟು ಹಿಂದೆ ಕೂರಿಸಿದ.

“ಬಾತಿ ಮಟ ಒಂದೇ ಸ್ಪೀಡ್‌ನಾಗ ಹೋಗ್ರಿ. ಅಲ್ಲಿ ಕೀ ಆಫ್ ಮಾಡು, ಕ್ಲಚ್ ಹಿಡಿ, ಹಂಗೇ ಸೈಡಿಗೆ ಬಿಡು. ಸ್ಲೋದಾಗ ಓಡಿಸಿ ಬಂದ್ರೆ ಪ್ಲಗ್ ಸುಳ್ಳು ಹೇಳ್ತೈತಿ.”

ಮುಕ್ಕಾಲು ಗಂಟೆಯಲ್ಲಿ ಬಂದರು. ಪಿಕಪ್ ಬಿದ್ದಿರಲಿಲ್ಲ. ಕಾಗದದಲ್ಲಿ ಸುತ್ತಿ ತಂದಿದ್ದ ಪ್ಲಗ್ಗಿನ ಪಿಂಗಾಣಿಯ ಬುಡದಲ್ಲಿ ತೆಳು ಕಂದು ಉಂಗುರ ಮೂಡತೊಡಗಿತ್ತು. ಹುಡುಗ ಜೇಬಿಗೆ ಕೈ ಹಾಕಿ ಎಷ್ಟಾಯ್ತು ಎಂದು ಕೇಳಿದ. ಮೆಕ್ಯಾನಿಕ್ ಇನ್ನೂ ಗಾಡಿ ಬಿಟ್ಟುಕೊಡಲಿಲ್ಲ. ಇಷ್ಟು ದಿನ ಲೀನ್ ಆಗಿ ಕಾದ ಇಂಜಿನ್ನಿನ ಎಗ್ಸಾಸ್ಟ್ ವಾಲ್ವ್ ಹೇಗಿದೆಯೋ ನೋಡಬೇಕು. ಟ್ಯಾಪೆಟ್ ಸಂದು ಮಿಲಿಮೀಟರಿನ ಹತ್ತರಲ್ಲೊಂದು ಭಾಗಕ್ಕೂ ಕಡಿಮೆ. ಅದು ಇನ್ನೂ ಬಿಗಿದಿದ್ದರೆ ವಾಲ್ವ್ ಪೂರ್ತಿ ಕೂರದೆ, ಬಿಸಿಯನ್ನು ಸೀಟಿಗೆ ದಾಟಿಸಲಾಗದೆ ಸುಟ್ಟುಹೋಗುತ್ತದೆ. ಆ ಅಳತೆ ತೆಗೆಯಬೇಕಾದದ್ದು ಇಂಜಿನ್ ಪೂರ್ತಿ ತಣ್ಣಗಿರುವಾಗ.

“ಗಾಡಿ ಇವತ್ತು ಇಲ್ಲೇ ಇರ್ಲಿ. ನಾಳೆ ಮುಂಜಾನೆ ಸ್ಟಾರ್ಟ್ ಮಾಡೋಕಿಂತ ಮೊದ್ಲು ಟ್ಯಾಪೆಟ್ ನೋಡ್ತೀನಿ, ಆಯಿಲೂ ಬದಲಿಸಿಬಿಡೋಣ. ನೀನು ಬಸ್ಸಿಗೆ ಹೋಗು.”

ಹುಡುಗ ಕೀ ಕೊಟ್ಟು, ಹರಿಹರದ ಬಸ್ಸಿಗೆಂದು ಪಿ.ಬಿ. ರಸ್ತೆಯ ಕಡೆ ನಡೆದ. ಅಷ್ಟರಲ್ಲಿ ರೇಡಿಯೇಟರ್ ಇರುವ ಗಾಡಿಯೊಂದು ಮೀಟರಿನಲ್ಲಿ ಕೆಂಪು ದೀಪ ಉರಿಸುತ್ತ ಬಂದು ನಿಂತಿತು. ಸವಾರ ಇಳಿದವನೇ ಮುಚ್ಚಳಕ್ಕೆ ಕೈ ಹಾಕಹೊರಟಿದ್ದ. “ಏ, ಅದನ್ನ ಮುಟ್ಟಬ್ಯಾಡ, ಮುಖಕ್ಕೆ ಹಾರ್ತೈತಿ! ತಣ್ಣಗಾಗ್ಲಿ,” ಎಂದು ಕೂಗಿದ ಮೆಕ್ಯಾನಿಕ್, ಕೈ ಒರೆಸಿಕೊಳ್ಳುತ್ತ ಹತ್ತಿರ ಹೋಗಿ ಕೇಳಿದ: “ಫ್ಯಾನ್ ತಿರುಗ್ತಿತ್ತೇನು? ನಿಂತಾಗ ದೀಪ ಬಂತೋ, ಓಡ್ಸುವಾಗೋ?”